ನಲವತ್ತು ಸಾಲಿನ ಹಾಳೆ

ಜೂನ್ 1, ಭಾನುವಾರ

ಮೂವತ್ತನೇ ತಾರೀಕಿನೊಳಗೆ ಅಪ್ಪನ ಟೈಪಿಂಗ್ ಕ್ಲಾಸು ಖಾಲಿ ಮಾಡಬೇಕಂತೆ. ಕಟ್ಟಡದ ಮಾಲೀಕರು ಬೆಳಗ್ಗೆ ಮನೆಗೇ ಬಂದು ಹೇಳಿಹೋದರು. ಪಾಪ, ಹೇಳಲು ಅವರಿಗೂ ಬಾಯಿ ಬರುತ್ತಿರಲಿಲ್ಲ. ಬಿಸಿಲಿನ ಬಗ್ಗೆ, ಮಂಡಿನೋವಿನ ಬಗ್ಗೆ, ಹೆಂಡತಿಯ ಹೊಸ ಕನ್ನಡಕದ ಬಗ್ಗೆ ಅರ್ಧ ಗಂಟೆ ಮಾತಾಡಿ, ಕೊನೆಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಗೋಡೆ ನೋಡಿಕೊಂಡು ಹೇಳಿದರು. "ನಲವತ್ತಾರು ವರ್ಷ ಆಯ್ತಲ್ಲಮ್ಮ. ಈಗ ಟೈಪಿಂಗ್ ಕಲಿಯೋಕೆ ಯಾರು ಬರ್ತಾರೆ ಹೇಳು?"

ಯಾರೂ ಬರುವುದಿಲ್ಲ. ಹೋದ ವರ್ಷ ಏಳು ಜನ ಇದ್ದರು, ಈ ವರ್ಷ ಒಬ್ಬರೂ ಇಲ್ಲ. ಆದರೂ ನಾನು ದಿನಾ ಹತ್ತು ಗಂಟೆಗೆ ಹೋಗಿ ಬಾಗಿಲು ತೆಗೆದು, ಹದಿನಾಲ್ಕು ಮೆಷಿನ್‌ಗಳ ಧೂಳು ಒರೆಸಿ, ಸುಮ್ಮನೆ ಕೂತು ಬರುತ್ತೇನೆ. ಐವತ್ತೊಂದು ವರ್ಷದ ಹೆಂಗಸಿಗೆ ಬೇರೆ ಕೆಲಸವಿಲ್ಲ ಅಂತ ಎದುರಿನ ಔಷಧಿ ಅಂಗಡಿಯವನು ಅಂದುಕೊಳ್ಳುತ್ತಿರಬೇಕು.

ಅಪ್ಪ ಅಳುತ್ತಾರೇನೋ ಅಂತ ಹೆದರಿದ್ದೆ. ಅಳಲಿಲ್ಲ. ಎಂಬತ್ಮೂರರಲ್ಲೂ ಅವರ ಲೆಕ್ಕವೇ ಬೇರೆ.

"ಮೂವತ್ತು ಯಾವ ವಾರ?"

"ಸೋಮವಾರ."

"ಹಾಗಾದ್ರೆ ಭಾನುವಾರ ಸಾಯಂಕಾಲ ಬೀಗ ಹಾಕೋಣ. ಹೆಣ್ಣುಮಕ್ಕಳಿಬ್ಬರೂ ಇರಬೇಕು."

"ಇಬ್ಬರೂನಾ?"

"ಯಾಕೆ, ಮೂರನೆಯವಳು ಯಾರಾದ್ರೂ ಇದ್ದಾಳಾ ನನಗೆ?"

ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ.

ಅಕ್ಕನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ. ಅಮ್ಮ ಇವತ್ತೋ ನಾಳೆಯೋ ಅನ್ನುವ ಹಾಗಿದ್ದಾಳೆ ಎಂದು ತಿಳಿಸಿದರೂ ಬರಲಿಲ್ಲ ಅವಳು. ಇದಕ್ಕಿಂತ ಹೆಚ್ಚು ಬರೆಯಲು ಇಷ್ಟವಿಲ್ಲ. ಈ ಪುಸ್ತಕ ಶುರುಮಾಡಿದ್ದು ಸಾಮಾನಿನ ಪಟ್ಟಿ ಬರೆಯಲು, ಹೊಟ್ಟೆಯುರಿ ಬರೆಯಲು ಅಲ್ಲ. ಅದನ್ನೂ ಕೈಯಲ್ಲೇ ಬರೆಯುತ್ತಿದ್ದೇನೆ. ಮನೆಯ ಮೆಷಿನ್‌ನಲ್ಲಿ ಹೊಡೆದರೆ ಅಪ್ಪ ಪಕ್ಕದ ಕೋಣೆಯಲ್ಲಿ ಮಲಗಿಕೊಂಡೇ "ಎರಡನೇ ಸಾಲಲ್ಲಿ ತಪ್ಪು ಹೊಡೆದೆ" ಅನ್ನುತ್ತಾರೆ. ಶಬ್ದದಲ್ಲೇ ಗೊತ್ತಾಗುತ್ತದೆ ಅವರಿಗೆ.

ಜೂನ್ 3, ಮಂಗಳವಾರ

ಬೀರುವಿನ ಮೇಲಿನ ಎರಡು ಅರೆ ಖಾಲಿ ಮಾಡಿದೆ. ರಿಬ್ಬನ್ ಡಬ್ಬಿ ಹನ್ನೆರಡು, ಎಣ್ಣೆ ಬಾಟಲಿ ಮೂರು, ಕೂದಲು ಉದುರಿದ ಬ್ರಷ್ಷು ಐದು, ಮತ್ತೆ ನಲವತ್ತರ ಹಾಳೆಗಳ ಒಂದು ಕಟ್ಟು.

ಈ ಹಾಳೆಯ ಬಗ್ಗೆ ಬರೆಯದೆ ಬರೀ ಎಣಿಕೆ ಬರೆದರೆ ಪಾಪ ಬಂದೀತು. ಅಪ್ಪನಿಗೆ ಬರುತ್ತಿದ್ದ ಇಂಗ್ಲಿಷ್ ಅಂದರೆ ಇಷ್ಟೇ, ನಲವತ್ತು ಸಾಲು. ಬೆರಳು ಕೂತ ಮೇಲೆ, ಅಂದರೆ ಮೂರನೇ ತಿಂಗಳಿಗೆ, ಕಲಿಯುವವರಿಗೆಲ್ಲ ಇದನ್ನು ಕೊಡುತ್ತಿದ್ದರು. ಇಂಗ್ಲಿಷಿನವರು ದಿನಬೆಳಗಾದರೆ ಆಡುವ ನಲವತ್ತು ನುಡಿಗಟ್ಟು. ಸಾಲು ಟೈಪಿನಲ್ಲಿ, ಅದರ ಕೆಳಗೆ ಅರ್ಥ ಅಪ್ಪನ ಗುಂಡು ಕೈಬರಹದಲ್ಲಿ, ಸ್ಟೆನ್ಸಿಲ್ ಮೇಲೆ ಕೊರೆದು ತೆಗೆದ ನಕಲು. ಮೂರು, ಎ ಪೀಸ್ ಆಫ್ ಕೇಕ್: ನೀರು ಕುಡಿದಷ್ಟು ಸುಲಭ. ಏಳು, ಸ್ಪಿಲ್ ದಿ ಬೀನ್ಸ್: ಗುಟ್ಟು ರಟ್ಟು ಮಾಡುವುದು. ಹದಿನೈದು, ಒನ್ಸ್ ಇನ್ ಎ ಬ್ಲೂ ಮೂನ್: ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ. ಹನ್ನೆರಡನೆಯದು ಬೆಕ್ಕು ನಾಯಿಗಳ ಮಳೆ. "ಮಳೆಯಲ್ಲಿ ಬೆಕ್ಕು ನಾಯಿ ಯಾಕೆ ಬೀಳ್ತವೆ ಸಾರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. "ನಮ್ಮ ಮಳೆ ಧೋ ಅನ್ನುತ್ತಲ್ಲ, ಆ ಧೋ ಯಾರು ಅಂತ ನಾನು ಯಾವತ್ತಾದ್ರೂ ಕೇಳಿದ್ನಾ? ಸುಮ್ಮನೆ ಹೊಡಿ" ಅನ್ನುತ್ತಿದ್ದರು ಅಪ್ಪ.

ಕ್ಲಾಸಿನಲ್ಲಿ ಸಾಲು ಓದಿ ಹೇಳುವ ಪದ್ಧತಿಯೇ ಇರಲಿಲ್ಲ. ನಂಬರ್ ಕೂಗುವುದು, ಹದಿನಾಲ್ಕು ಮೆಷಿನ್ ಒಟ್ಟಿಗೆ ಶುರು. ಆ ಚಟ ಮನೆಗೂ ಬಂತು. ನಾನು ಲೋಟ ಒಡೆದದ್ದನ್ನು ಅಕ್ಕ ಹೇಳಲು ಹೊರಟರೆ ನಾನು "ಏಳು! ಏಳು!" ಎಂದು ಕಿರುಚುತ್ತಿದ್ದೆ. ಒಂದು ಸಲ ಮನೆಗೆ ಬಂದ ನೆಂಟರು ತಮಗೇ ಎದ್ದೇಳು ಅನ್ನುತ್ತಿದ್ದಾಳೆ ಅಂದುಕೊಂಡು ಕುರ್ಚಿ ಬಿಟ್ಟು ನಿಂತುಬಿಟ್ಟಿದ್ದರು. ಅಪ್ಪನಿಗೆ ಕೋಪ ಬಂದಿದ್ದರೆ ಅಕ್ಕ ಬಾಗಿಲಲ್ಲೇ ನಂಬರ್ ಹೇಳಿ ನನ್ನನ್ನು ಎಚ್ಚರಿಸುತ್ತಿದ್ದಳು. ಆರು ವರ್ಷ ದೊಡ್ಡವಳು, ನನ್ನ ಹೊಡೆತಗಳಲ್ಲಿ ಅರ್ಧ ಅವಳೇ ತಿಂದಿದ್ದಾಳೆ.

ಅಮ್ಮನಿಗೆ ಮಾತ್ರ ಒಂದು ನಂಬರೂ ಗೊತ್ತಿರಲಿಲ್ಲ. "ನಿಮ್ಮ ಲಾಟರಿ ನೀವೇ ಇಟ್ಕೊಳ್ಳಿ" ಅಂತಿದ್ದಳು. ಹಾಗಾಗಿ ಅಮ್ಮನಿಂದ ಮುಚ್ಚಿಡುವ ಮಾತೆಲ್ಲ ನಂಬರಿನಲ್ಲೇ ನಡೆಯುತ್ತಿತ್ತು.

ಏನೋ ಪಟ್ಟಿ ಬರೆಯಲು ಹೋಗಿ ಏನೋ ಬರೆದೆ. ಸ್ಟೂಲು ಒಂಬತ್ತು ಗಟ್ಟಿ, ಐದು ಅಲ್ಲಾಡುತ್ತವೆ.

ಜೂನ್ 6, ಶುಕ್ರವಾರ

ರಿಪೇರಿ ಮಾವ ಬಂದಿದ್ದರು. ಸಂಬಂಧದಲ್ಲಿ ಮಾವ ಅಲ್ಲ. ಈ ಮೆಷಿನ್‌ಗಳನ್ನು ಮೊದಲ ದಿನದಿಂದ ರಿಪೇರಿ ಮಾಡಿದವರು, ಅಪ್ಪನಿಗಿಂತ ನಾಲ್ಕು ವರ್ಷ ಚಿಕ್ಕವರು. ಬಿಡಿಭಾಗಕ್ಕೆ ಎಲ್ಲ ಮೆಷಿನ್‌ಗಳನ್ನೂ ತಾವೇ ಒಯ್ಯುತ್ತೇನೆ ಅಂದಿದ್ದಾರೆ. ಇವತ್ತು ಮೂರು ಹೋದವು.

ಒಂದೊಂದನ್ನೂ ಎತ್ತುವ ಮೊದಲು ಜಾತಕ ಹೇಳಿದರು. ಇದರ ಇ ಅಕ್ಷರ ಯಾವಾಗಲೂ ಅರ್ಧ ಮೇಲೆ ಕೂರುತ್ತಿತ್ತು. ಇದರ ಗಂಟೆ ಬೇಕೆಂದಾಗ ಹೊಡೆಯುತ್ತಿರಲಿಲ್ಲ, ಬೇಡವೆಂದಾಗ ಹೊಡೆಯುತ್ತಿತ್ತು. ಕಿಟಕಿ ಪಕ್ಕದ ನಾಲ್ಕನೆಯದರ ಹತ್ತಿರ ಬಂದು ನಿಂತುಬಿಟ್ಟರು.

"ದೊಡ್ಡೋಳ ಮೆಷಿನ್ ಅಲ್ವಾ ಇದು? ಅವಳು ಹೊಡೀತಿದ್ರೆ ಕೆಳಗೆ ರಸ್ತೇಲಿ ಜನ ತಲೆ ಎತ್ತಿ ನೋಡ್ತಿದ್ರು."

"ನಾನೇನು ಕಡಿಮೆ ಇದ್ನಾ?"

"ನೀನು ವೇಗ. ತಪ್ಪು ಜಾಸ್ತಿ" ಅಂದರು. ಎಂಬತ್ತರ ಹತ್ತಿರ ಬಂದರೂ ಬಾಯಿಗೆ ಬೀಗವಿಲ್ಲ.

ತಿದ್ದಿ ಹೇಳಲು ಹೋಗಲಿಲ್ಲ, ಯಾಕೆಂದರೆ ಮಾತು ನಿಜ. ಅಕ್ಕನ ಹಾಳೆಯಲ್ಲಿ ತಪ್ಪು ಹುಡುಕಲು ಅಪ್ಪ ಕನ್ನಡಕದ ಮೇಲೆ ಭೂತಗನ್ನಡಿ ಇಡುತ್ತಿದ್ದರು. ನಾನು ಮಧ್ಯಾಹ್ನ ಊಟದ ಡಬ್ಬಿ ತಂದು, ಅವಳ ಬೆನ್ನಿಗೆ ಬೆನ್ನು ಕೊಟ್ಟು ಅದೇ ಸ್ಟೂಲಿನ ತುದಿಯಲ್ಲಿ ಕೂತು ತಿನ್ನುತ್ತಿದ್ದೆ. ಅವಳು ಸಾಲು ಮುಗಿಸಿ ಮೆಷಿನ್ನಿನ ಕ್ಯಾರೇಜ್ ಎಳೆದಾಗಲೆಲ್ಲ ನನ್ನ ಬೆನ್ನು ಅಲ್ಲಾಡುತ್ತಿತ್ತು. ಅದೊಂದು ಸುಖ. ನಾಲ್ಕನೆಯದನ್ನು ಕೊನೆಗೆ ಒಯ್ಯಿರಿ ಅಂದೆ ಮಾವನಿಗೆ.

ಜೂನ್ 8, ಭಾನುವಾರ

ಭಾನುವಾರ ಹನ್ನೊಂದಕ್ಕೆ ಅಪ್ಪನಿಗೆ ಅಕ್ಕನ ಫೋನು. ಹನ್ನೊಂದು ವರ್ಷದಲ್ಲಿ ತಪ್ಪಿದ್ದಿಲ್ಲ. ಅಷ್ಟು ಹೊತ್ತಿಗೆ ನಾನು ಬಟ್ಟೆ ಒಣಹಾಕಲು ಮಹಡಿಗೆ ಹೋಗುತ್ತೇನೆ. ಬಟ್ಟೆ ಇಲ್ಲದಿದ್ದರೂ ಹೋಗುತ್ತೇನೆ. ಇಳಿದು ಬಂದಾಗ ಅಪ್ಪ ಕಾಯುತ್ತಿದ್ದರು.

"ತಂಗಿ ಕರೆದ್ರೆ ಬರ್ತೀನಿ ಅಂದ್ಲು. ಒಂದು ಫೋನ್ ಮಾಡು. ನಿನ್ನ ಗಂಟೇನು ಹೋಗುತ್ತೆ?"

"ಹೋಗುತ್ತೆ" ಅಂದೆ.

ಸರಿ, ಬರೆದೇಬಿಡುತ್ತೇನೆ. ನನ್ನ ಕಡೆ ನ್ಯಾಯ ಇದೆ ಅಂತ ಈ ಪುಸ್ತಕಕ್ಕಾದರೂ ಗೊತ್ತಾಗಲಿ.

ಅಮ್ಮ ಆಸ್ಪತ್ರೆಯಲ್ಲಿದ್ದಳು. ಅದು ಬುಧವಾರ. ಬೆಳಗ್ಗೆ ಡಾಕ್ಟರು ನನ್ನನ್ನು ವಾರ್ಡಿನ ಹೊರಗೆ ಕರೆದು "ಹತ್ತಿರದವರನ್ನೆಲ್ಲ ಕರೆಸಿಬಿಡಿ" ಅಂದರು. ಒಳಗೆ ಬಂದರೆ ಅಮ್ಮ ಕಣ್ಣು ಬಿಟ್ಟುಕೊಂಡು ನನ್ನ ಮುಖವನ್ನೇ ಓದುತ್ತಿದ್ದಳು. ಕೈ ಹಿಡಿದವಳು ಬಿಡಲಿಲ್ಲ, ಆಚೆ ಹೋಗಿ ಫೋನ್ ಮಾಡುವ ಹಾಗಿರಲಿಲ್ಲ. ಅವಳು ನೋಡುತ್ತಿದ್ದ ಹಾಗೆಯೇ ಒಂದು ಕೈಯಲ್ಲಿ ಅಕ್ಕನಿಗೆ ಮೆಸೇಜ್ ಹಾಕಿದೆ: ಅಮ್ಮ 31. "ಏನೇ ಅದು?" ಅಂದಳು ಅಮ್ಮ. "ಲಾಟರಿ ನಂಬರಮ್ಮ" ಅಂದೆ. ಮೂವತ್ತೊಂದು ಅಂದರೆ ಹ್ಯಾಂಗಿಂಗ್ ಬೈ ಎ ಥ್ರೆಡ್. ಅಪ್ಪನ ಅರ್ಥ: ಜೀವ ನೂಲಿನಲ್ಲಿ ತೂಗಾಡುತ್ತಿದೆ, ಇವತ್ತೋ ನಾಳೆಯೋ.

ಐದು ನಿಮಿಷಕ್ಕೆ ಅಕ್ಕನ ಉತ್ತರ ಬಂತು. "ಸರಿ ಕಣೇ. ಶನಿವಾರ ಬರ್ತೀನಿ."

ಶನಿವಾರ! ಅಮ್ಮನ ಜೀವ ಇವಳ ರಜೆಗೆ ಕಾಯಬೇಕಿತ್ತಂತೆ. ಗುರುವಾರ ಮಧ್ಯಾಹ್ನ ಅಮ್ಮ ಹೋದಳು. ಅಪ್ಪ ಫೋನ್ ಮಾಡಿದ ಮೇಲೆ ಸಂಜೆಗೆ ಬಂದಳು ಮಹಾರಾಯ್ತಿ. ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ, "ಶನಿವಾರ ಅಂದಿದ್ಯಲ್ಲ, ಇಷ್ಟು ಬೇಗ ಯಾಕೆ ಬಂದೆ?" ಅವಳು ಬಿಳಿಚಿಕೊಂಡು "ಇಷ್ಟು ಕಷ್ಟ ಇದೆ ಅಂತ ನೀನು ಯಾಕೆ ಹೇಳ್ಲಿಲ್ಲ?" ಅಂದಳು. ಹೇಳಲಿಲ್ಲವಂತೆ! ಕೈಯಾರೆ ಹೇಳಿ, ಅವಳ ಉತ್ತರವನ್ನು ಕಣ್ಣಾರೆ ಓದಿದವಳು ನಾನು. ಹೆತ್ತ ತಾಯಿಯ ಹೆಣದ ಮುಂದೆ ಹಸಿ ಸುಳ್ಳು ಹೇಳುವವಳ ಜೊತೆ ಯಾರಾದರೂ ಮಾತಾಡುತ್ತಾರಾ?

ಬರೆದೆ. ಹಗುರ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಜೂನ್ 11, ಬುಧವಾರ

ಇವತ್ತು ಬೀರುವಿನ ಕೆಳಗಿನ ಅರೆ. ಜಿರಲೆ ಗುಳಿಗೆಗಳ ವಾಸನೆಯ ನಡುವೆ ಇನ್ನೊಂದು ನಲವತ್ತರ ಕಟ್ಟು ಸಿಕ್ಕಿತು, ಹಳದಿ ಬಣ್ಣಕ್ಕೆ ತಿರುಗಿದ್ದು. ಅಕ್ಕನ ಕಾಲದ ಹಾಳೆ. ಒಂದರ ಅಂಚಿನಲ್ಲಿ ಅವಳೇ ಬಿಡಿಸಿದ, ಛತ್ರಿ ಹಿಡಿದ ಬೆಕ್ಕಿನ ಚಿತ್ರ ಇತ್ತು.

ಕೈ ಸುಮ್ಮನಿರಲಿಲ್ಲ. ನಾಲ್ಕನೇ ಮೆಷಿನ್‌ಗೆ ಕಾಗದ ಹಾಕಿ, ಹಳೇ ಹಾಳೆ ಪಕ್ಕದಲ್ಲಿಟ್ಟುಕೊಂಡು ಒಂದರಿಂದ ಹೊಡೆಯಲು ಶುರುಮಾಡಿದೆ. ಹತ್ತೊಂಬತ್ತಕ್ಕೆ ಬಂದಾಗ ನಗು ಬಂತು. ಕಿಕ್ ದಿ ಬಕೆಟ್: ಬಕೆಟ್ ಒದೆಯುವುದು, ಅಂದರೆ ಗೊಟಕ್ ಅನ್ನುವುದು. ಹೌದಲ್ಲ, ಇದೊಂದು ಇತ್ತಲ್ಲ! ಆಮೇಲೆ ಯಾವಾಗಲೋ ಅಪ್ಪ ಸ್ಟೆನ್ಸಿಲ್ ಹೊಸದಾಗಿ ಕೊರೆದಾಗ ಇದನ್ನು ತೆಗೆದು, ನಲವತ್ತು ತುಂಬಲಿ ಎಂದು ಕೊನೆಯಲ್ಲಿ ಕೀಪ್ ಯುವರ್ ಚಿನ್ ಅಪ್, ಅಂದರೆ ಧೈರ್ಯಗೆಡಬೇಡ, ಸೇರಿಸಿದ್ದರು. ನಗುತ್ತಲೇ ಮುಂದೆ ಹೊಡೆದೆ. ಮೂವತ್ತೊಂದಕ್ಕೆ ಬೆರಳು ತಾನಾಗಿ ಹ್ಯಾಂಗಿಂಗ್ ಬೈ ಎ ಥ್ರೆಡ್ ಹೊಡೆದು ಮುಗಿಸಿತು. ಕಣ್ಣು ಹಾಳೆಯ ಮೇಲೆ ಹೋಯಿತು. ಹಾಳೆಯಲ್ಲಿ ಮೂವತ್ತೊಂದು ಬೇರೆ ಇದೆ.

ಔಟ್ ಆಫ್ ದಿ ವುಡ್ಸ್. ಕೆಳಗೆ ಅಪ್ಪನ ಗುಂಡು ಅಕ್ಷರ: ಕಾಡು ದಾಟಿ ಆಚೆ ಬಂದಂತೆ, ಗಂಡಾಂತರ ಕಳೆಯಿತು.

ನೂಲಿನದು ಮೂವತ್ತೆರಡು. ಒಂದು ಸಾಲು ತೆಗೆದಿದ್ದಕ್ಕೆ ಅಲ್ಲಿಂದ ಕೆಳಗಿನದೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದಿದೆ. ಅಕ್ಕನಿಗೆ ಗೊತ್ತಿದ್ದದ್ದು ಹಳೇ ಹಾಳೆ ಮಾತ್ರ. ಹೊಸದು ಬರುವ ಎಷ್ಟೋ ವರ್ಷ ಮೊದಲೇ ಅವಳು ಮದುವೆಯಾಗಿ ಹೋಗಿದ್ದಳು.

ಅಮ್ಮನ ಗಂಡಾಂತರ ಕಳೆಯಿತು ಅಂತ ನಾನೇ ಬರೆದು ಕಳಿಸಿದ್ದೇನೆ.

ಜೂನ್ 12, ಗುರುವಾರ

ಅವಳು ಸುಳ್ಳು ಹೇಳಿರಲಿಲ್ಲ.

ಜೂನ್ 14, ಶನಿವಾರ

ಎರಡು ದಿನ ಬಾಗಿಲು ತೆಗೆಯಲು ಹೋಗಲಿಲ್ಲ. ತಲೆನೋವು ಅಂದೆ. ಅಪ್ಪ ನಂಬಿದಂತೆ ಕಾಣಲಿಲ್ಲ.

ಹೊಸ ಹಾಳೆ ಬಂದದ್ದು ನನಗೆ ಗೊತ್ತಿರಲಿಲ್ಲ ಎಂದರೆ ಅದು ಸುಳ್ಳು. ಗೊತ್ತಿತ್ತು. ಆದರೆ ದಿನಕ್ಕೆ ಐದು ಬ್ಯಾಚು, ಐದು ಸಲ ನಂಬರ್ ಕೂಗಿ ಕೂಗಿ, ಹಳೆಯದು ತಲೆಯಿಂದ ಹೋಗಿಯೇಬಿಟ್ಟಿತ್ತು. ಬಸ್ಸಿನ ನಂಬರ್ ಬದಲಾದ ಮೇಲೆ ಹಳೇ ನಂಬರ್ ಯಾರಿಗೆ ನೆನಪಿರುತ್ತದೆ? ಬಸ್ಸು ಹತ್ತುವವರಿಗೆ ಇರುವುದಿಲ್ಲ. ಊರು ಬಿಟ್ಟು ಹೋದವರಿಗೆ ಇರುತ್ತದೆ.

ಇವತ್ತು ಟೀ ಕೊಡುವಾಗ ಏನೂ ಅರಿಯದವಳ ಹಾಗೆ ಕೇಳಿದೆ. "ಅಪ್ಪ, ಆ ಬಕೆಟ್ ಸಾಲು ಯಾಕೆ ತೆಗೆದ್ರಿ?"

ಅಪ್ಪ ಟೀ ಕೆಳಗಿಟ್ಟರು. "ನಿಮ್ಮಮ್ಮನಿಗೆ ಮೊದಲ್ನೇ ಸಲ ಆಪರೇಷನ್ ಆಯ್ತಲ್ಲ, ಅವತ್ತು. ಅವಳನ್ನ ಒಳಗೆ ಕರ್ಕೊಂಡು ಹೋದ್ರು, ನಾನು ಕ್ಲಾಸಿಗೆ ಬಂದೆ. ಹದಿನಾಲ್ಕು ಜನ ಹತ್ತೊಂಬತ್ತು ಹೊಡೀತಾ ಕೂತಿದ್ರು. ಸಾಯೋದು, ಸಾಯೋದು, ಸಾಯೋದು ಅಂತ ಹದಿನಾಲ್ಕು ಮೆಷಿನ್ನು ಹೇಳಿದ ಹಾಗಾಯ್ತು. ನನ್ನ ಕೈಲಿ ಕೇಳಕ್ಕಾಗ್ಲಿಲ್ಲ. ಅವತ್ತೇ ಹೊಸ ಸ್ಟೆನ್ಸಿಲ್ ಕೊರೆದೆ." ಆಮೇಲೆ ಗುಟ್ಟು ಹೇಳುವವರ ಹಾಗೆ ಬಗ್ಗಿದರು. "ಡಾಕ್ಟ್ರು ಆರು ತಿಂಗಳು ಅಂದಿದ್ರು. ಒಂದು ವರ್ಷ ಬದುಕಿದ್ಲು ನೋಡು."

ಹೆಚ್ಚಿಗೆ ಸಿಕ್ಕ ಆ ಆರು ತಿಂಗಳನ್ನು ತಾವೇ ಸಂಪಾದಿಸಿ ಕೊಟ್ಟದ್ದು ಅಂತ ಹನ್ನೊಂದು ವರ್ಷದಿಂದ ನಂಬಿಕೊಂಡಿದ್ದಾರೆ. ಆ ಸಾಲು ತೆಗೆದದ್ದರಿಂದಲೇ ದೊಡ್ಡ ಮಗಳು ಅಮ್ಮನ ಮುಖ ನೋಡದೆ ಹೋದಳು ಎಂದು ಯಾವ ಬಾಯಲ್ಲಿ ಹೇಳಲಿ? ಹೇಳುವುದಿಲ್ಲ. ನನ್ನ ಹೆಣ ಬಿದ್ದರೂ ಹೇಳುವುದಿಲ್ಲ.

ಜೂನ್ 16, ಸೋಮವಾರ

ಫೋನ್ ಮಾಡೋಣವೆಂದು ನಂಬರ್ ಒತ್ತಿದೆ, ಗಂಟೆ ಹೋಗುವ ಮೊದಲೇ ಇಟ್ಟುಬಿಟ್ಟೆ. ಮೂರು ಸಲ. ಏನಂತ ಶುರುಮಾಡುವುದು? ಹಲೋ, ನಾನು ನಿನ್ನ ತಂಗಿ, ಹೇಗಿದ್ದೀಯ, ಒಂದು ಸಣ್ಣ ತಪ್ಪಾಗಿತ್ತು ಅಂತಲೇ?

ನಂಬರಿನ ತಪ್ಪು ಹಾಗಿರಲಿ. ಶನಿವಾರ ಬರುತ್ತೇನೆ ಅಂದಾಗ ನಾನು ಯಾಕೆ ಫೋನ್ ಮಾಡಿ ಉಗಿಯಲಿಲ್ಲ? ಇದನ್ನು ಮೂರು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಅಮ್ಮ ಬುಧವಾರ ಮಧ್ಯಾಹ್ನ ನಿದ್ದೆ ಹೋಗಿದ್ದಳು, ಎರಡು ಗಂಟೆ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಫೋನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಬರದಿದ್ದರೆ ಬೇಡ, ನಾನೊಬ್ಬಳೇ ಸಾಕು, ಅಂದುಕೊಂಡೆ. ನಿಜ ಹೇಳಬೇಕೆಂದರೆ ಹಾಗೆ ಅಂದುಕೊಳ್ಳಲು ಒಂಥರಾ ಖುಷಿಯೂ ಆಗಿತ್ತು. ಯಾವಾಗಲೂ ದೊಡ್ಡೋಳು, ದೊಡ್ಡೋಳು ಅನ್ನುತ್ತಿದ್ದರಲ್ಲ, ಈಗ ನೋಡಲಿ ಯಾರು ಇದ್ದರು ಅಂತ. ಛೀ. ಒಂದು ಫೋನ್ ಮಾಡಿದ್ದರೆ ಅವಳು ಅವತ್ತೇ ಹೊರಟು ಸಂಜೆಯೊಳಗೆ ಬಂದಿರುತ್ತಿದ್ದಳು.

ಕಾಗದ ಬರೆದೆ. ಐದು ಹಾಳೆ ಹರಿದು ಆರನೆಯದರಲ್ಲಿ ಇಷ್ಟೇ ಉಳಿಯಿತು: "ಅಕ್ಕ, ಹಳೇ ಹಾಳೆಯ ಮೂವತ್ತೊಂದು ನೋಡು. ಹೊಸ ಹಾಳೆಯ ಮೂವತ್ತೊಂದು ನೋಡು. ನಾನು ಹೊಸದನ್ನು ಹೇಳಿದ್ದೆ. ಆಮೇಲಾದರೂ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ತಪ್ಪು ನನ್ನದು. ಅಪ್ಪನಿಗೆ ಇದನ್ನು ಹೇಳಬೇಡ. ಯಾಕೆ ಅಂತ ಬಂದಾಗ ಹೇಳುತ್ತೇನೆ. ಇಪ್ಪತ್ತೊಂಬತ್ತಕ್ಕೆ ಕ್ಲಾಸಿಗೆ ಬೀಗ ಹಾಕುತ್ತಿದ್ದೇವೆ. ಬಾ."

ಎರಡು ಹಾಳೆಗಳನ್ನೂ ಜೊತೆಗಿಟ್ಟು ಲಕೋಟೆ ಅಂಟಿಸಿದ ಮೇಲೆ ಹೊಳೆಯಿತು, "ಬಂದಾಗ" ಅಂತ ಬರೆದುಬಿಟ್ಟಿದ್ದೇನೆ. ಬರುವುದು ಗ್ಯಾರಂಟಿ ಅನ್ನುವ ಹಾಗೆ. ಇರಲಿ ಅಂತ ಡಬ್ಬಿಗೆ ಹಾಕಿದೆ.

ಜೂನ್ 19, ಗುರುವಾರ

ಇಷ್ಟೊತ್ತಿಗೆ ತಲುಪಿರಬೇಕು. ಮಾವ ಇನ್ನು ನಾಲ್ಕು ಮೆಷಿನ್ ಒಯ್ದರು. "ಯಾಕಮ್ಮ ಇವತ್ತು ಒಂದು ಮಾತಿಗೂ ಎದುರು ಮಾತಿಲ್ಲ, ಮೈ ಹುಷಾರಿಲ್ವಾ?" ಎಂದು ಕೇಳಿದರು.

ಜೂನ್ 22, ಭಾನುವಾರ

ಹನ್ನೊಂದಕ್ಕೆ ನಾನು ಮಹಡಿಗೆ ಹೋಗಲಿಲ್ಲ. ಅಪ್ಪನ ಪಕ್ಕದಲ್ಲೇ, ತರಕಾರಿ ಹೆಚ್ಚುತ್ತಾ ಕೂತೆ. ಹನ್ನೊಂದೂಕಾಲು, ಹನ್ನೊಂದೂವರೆ, ಹನ್ನೆರಡು. ಫೋನು ಬರಲಿಲ್ಲ.

"ಏನೋ ಕೆಲಸ ಇರಬೇಕು" ಅಂದರು ಅಪ್ಪ. ಊಟ ಅರ್ಧಕ್ಕೇ ಬಿಟ್ಟೆದ್ದರು. ಹನ್ನೊಂದು ವರ್ಷ ನಾನು ಮಾತಾಡದಿದ್ದರೂ ಅಪ್ಪನಿಗೆ ಭಾನುವಾರ ಒಂದಿತ್ತು. ಈಗ ಅದನ್ನೂ ಕಳೆದೆನಾ ಅಂತ ಭಯವಾಗುತ್ತಿದೆ. ಅವಳು ಬರದಿದ್ದರೆ ಬೇಡ, ನನ್ನನ್ನು ಜನ್ಮಪೂರ್ತಿ ಬೈದುಕೊಂಡಿರಲಿ, ಅಪ್ಪನಿಗೆ ಮಾತ್ರ ಫೋನ್ ಮಾಡಲಿ.

ಜೂನ್ 24, ಮಂಗಳವಾರ

ಏನೂ ಇಲ್ಲ. ಗೋಡೆಯ ಗಡಿಯಾರ ಇಳಿಸಿದೆ.

ಜೂನ್ 27, ಶುಕ್ರವಾರ

ಬಂದಳು.

ಮೂರು ಗಂಟೆ ಇರಬೇಕು. ನಾನು ಸ್ಟೂಲಿನ ಮೇಲೆ ನಿಂತು ಬೋರ್ಡಿನ ಮೊಳೆ ಕೀಳುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿ ಮಾವ ಅಂದುಕೊಂಡೆ. ತಿರುಗಿದರೆ ಬಾಗಿಲಲ್ಲಿ ಅಕ್ಕ. ತಲೆ ಪೂರ್ತಿ ಬೆಳ್ಳಗಾಗಿದೆ. ದಪ್ಪ ಆಗಿದ್ದಾಳೆ. ಒಂದು ಗಳಿಗೆ ಅಮ್ಮನೇ ಅನ್ನಿಸಿ ನನ್ನ ಕೈಯಿಂದ ಸುತ್ತಿಗೆ ಬಿತ್ತು.

"ಕಾಲಿನ ಮೇಲೆ ಹಾಕ್ಕೊಂಡ್ಯಾ?" ಅಂದಳು. ಹನ್ನೊಂದು ವರ್ಷದ ಮೇಲೆ ಮೊದಲ ಮಾತು.

"ಇಲ್ಲ."

"ಇಳಿ ಕೆಳಗೆ. ಆ ಸ್ಟೂಲ್ ಅಲ್ಲಾಡುತ್ತೆ."

ಇಳಿದೆ. ಅವಳ ಕೈಯಲ್ಲಿ ಲಕೋಟೆ ಇತ್ತು. ಏನಾದರೂ ಹೇಳೋಣವೆಂದು ಬಾಯಿ ತೆಗೆಯುವಷ್ಟರಲ್ಲಿ ಅವಳೇ ಶುರುಮಾಡಿದಳು, ಮೆಲ್ಲಗಲ್ಲ, ಕಟ್ಟಡ ಹಾರಿಹೋಗುವ ಹಾಗೆ.

"ಒಂದು ಫೋನ್! ಒಂದೇ ಒಂದು ಫೋನ್ ಮಾಡಕ್ಕಾಗ್ಲಿಲ್ವಾ ನಿನಗೆ? ಶನಿವಾರ ಅಂದ್ರೆ ಯಾಕೆ ಶನಿವಾರ ಅಂತ ಕೇಳಕ್ಕಾಗ್ಲಿಲ್ವಾ? ನಾನು ಅವತ್ತು ಆಫೀಸಲ್ಲಿ ಎಲ್ಲರಿಗೂ ಸ್ವೀಟ್ ಹಂಚಿದೀನಿ ಕಣೇ. ಅಮ್ಮನ ಗಂಡಾಂತರ ಕಳೀತು ಅಂತ ಸ್ವೀಟ್ ಹಂಚಿದೀನಿ!"

ನಾನು ತಲೆ ತಗ್ಗಿಸಿ ನಿಂತೆ. ಬೈದಳು, ಬೈದಳು. ಎಂಟು ದಿನದ ಹಿಂದೆ ಕಾಗದ ಕೈಗೆ ಬಂದಾಗಿನಿಂದ ಊಟ ಸೇರಿಲ್ಲವಂತೆ. ಭಾನುವಾರ ಅಪ್ಪನ ದನಿ ಕೇಳಿದರೆ ಎಲ್ಲ ಬಾಯಿಬಿಟ್ಟುಬಿಡುತ್ತೇನೆ ಅನ್ನಿಸಿ ಫೋನ್ ಮಾಡಲಿಲ್ಲವಂತೆ. ಕೊನೆಗೆ ಸುಸ್ತಾಗಿ ನಾಲ್ಕನೇ ಮೆಷಿನ್ ಮುಂದೆ ಕೂತಳು.

"ಅಮ್ಮನ್ನ ನೋಡಬಾರ್ದು ಅಂತ ಬೇಕೂಂತ್ಲೇ ಮುಚ್ಚಿಟ್ಟೆ ಅಂದ್ಕೊಂಡಿದ್ದೆ. ಇಷ್ಟು ವರ್ಷ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡು ಹೇಗೋ ಇದ್ದೆ. ಈಗ ಯಾರನ್ನ ಬಯ್ಯಲಿ, ಹೇಳು?"

"ನನ್ನನ್ನೇ ಬಯ್ಯಿ."

"ಬೈದಾಯ್ತಲ್ಲ" ಅಂದಳು. ಮೂಗು ಒರೆಸಿಕೊಂಡಳು.

ಆಮೇಲೆ ಬಕೆಟ್ ಸಾಲಿನ ಕಥೆ ಹೇಳಿದೆ. ಹದಿನಾಲ್ಕು ಮೆಷಿನ್, ಆಪರೇಷನ್ ದಿನ, ಡಾಕ್ಟರು ಹೇಳಿದ ಆರು ತಿಂಗಳು, ಅಪ್ಪ ಬಗ್ಗಿ ಹೇಳಿದ ಗುಟ್ಟು. ಕೇಳುತ್ತಾ ಕೇಳುತ್ತಾ ಅವಳ ಮುಖ ಕರಗಿಹೋಯಿತು. "ಪಾಪ ಅಪ್ಪ" ಅಂದಳು. "ಸತ್ರೂ ಗೊತ್ತಾಗಬಾರದು ಅವರಿಗೆ." ಇದೊಂದು ವಿಷಯದಲ್ಲಿ ನಮ್ಮಿಬ್ಬರದು ಒಂದೇ ಬಾಯಿ.

ಜೂನ್ 28, ಶನಿವಾರ

ನಿನ್ನೆಯಿಂದ ಅಪ್ಪ ಹತ್ತು ವರ್ಷ ಚಿಕ್ಕವರಾಗಿದ್ದಾರೆ. ಎದ್ದಾಗಿನಿಂದ ದೊಡ್ಡೋಳೇ ಅಲ್ಲಿ ನೋಡು, ದೊಡ್ಡೋಳೇ ಇಲ್ಲಿ ಬಾ. ಮೊದಲಾಗಿದ್ದರೆ ಮೈ ಉರಿಯುತ್ತಿತ್ತು. ಇವತ್ತು ನಾನೇ "ಹೋಗೇ, ಕರೀತಿದ್ದಾರೆ" ಅಂತ ಅವಳನ್ನು ತಳ್ಳಿದೆ.

ಊಟಕ್ಕೆ ಕೂತಾಗ ಅಪ್ಪ ನೇರವಾಗಿ ಕೇಳಿಯೇಬಿಟ್ಟರು. "ಇಷ್ಟು ವರ್ಷ ಏನಕ್ಕೆ ಜಗಳ ಆಡಿದ್ರಿ ನೀವಿಬ್ಬರೂ?"

ಅಕ್ಕ ತುತ್ತು ನುಂಗಿ, "ನನ್ನ ಬಾಚಣಿಗೆ ಕದ್ದಿದ್ಲು ಅಪ್ಪ" ಅಂದಳು.

"ಅಷ್ಟಕ್ಕಾ?"

"ಒಳ್ಳೇ ಬಾಚಣಿಗೆ."

ಅಪ್ಪ ನಮ್ಮಿಬ್ಬರ ಮುಖವನ್ನೂ ನೋಡಿ "ಕತ್ತೆಗಳಾ" ಅಂದರು. ಮತ್ತೆ ಕೇಳಲಿಲ್ಲ.

ಸಂಜೆ ಮಹಡಿಯಲ್ಲಿ ಬಟ್ಟೆ ತೆಗೆಯುವಾಗ, ಎರಡೂ ಕೈ ತುಂಬ ಒಣಗಿದ ಬಟ್ಟೆ ಇಟ್ಟುಕೊಂಡು, ನನ್ನ ಕಡೆ ನೋಡದೆ ಕೇಳಿದಳು. "ಅಮ್ಮ ನನ್ನನ್ನ ಕೇಳಿದ್ಲಾ? ಆ ಎರಡು ದಿನದಲ್ಲಿ?"

"ಅಪ್ಪ ಕರೆದ ಹಾಗಾಯ್ತು" ಅಂತ ಹೇಳಿ ಇಳಿದು ಓಡಿಬಂದೆ. ಅಪ್ಪ ಕರೆದಿರಲಿಲ್ಲ.

ಕೇಳಿದಳು ಅಂದರೆ ಜೀವಮಾನವಿಡೀ ಕೊರಗುತ್ತಾಳೆ. ಕೇಳಲಿಲ್ಲ ಅಂದರೆ ಅದಕ್ಕಿಂತ ಹೆಚ್ಚು ಕೊರಗುತ್ತಾಳೆ. ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ, ಅಪ್ಪನಿಗೂ ಇಲ್ಲ. ಮೊದಲು ಅವಳ ಮೇಲಿನ ಸಿಟ್ಟಿಗೆ ಹೇಳಲಿಲ್ಲ. ಅಮ್ಮನ ಕೊನೇ ಮಾತು ಅವಳಿಗೆ ಯಾಕೆ ಸಿಗಬೇಕು, ಇರದಿದ್ದವಳಿಗೆ, ಅಂತ. ಈಗ ಹೆದರಿಕೆಗೆ ಹೇಳುತ್ತಿಲ್ಲ.

ಜೂನ್ 29, ಭಾನುವಾರ

ಐದು ಗಂಟೆಗೆ ಅಪ್ಪನನ್ನು ಮೆಲ್ಲಗೆ ಮೆಟ್ಟಿಲು ಹತ್ತಿಸಿದೆವು, ಆ ಕಡೆ ಅವಳು, ಈ ಕಡೆ ನಾನು. ಹಾಲ್ ಖಾಲಿಯಾಗಿತ್ತು. ಮೇಜುಗಳಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆ ಇತ್ತು. ಅಪ್ಪ ಆ ಚೌಕಗಳನ್ನು ತುಳಿಯದೆ, ನಡುವಿನ ಹಾದಿಯಲ್ಲೇ ನಡೆದು ಕಿಟಕಿಯವರೆಗೆ ಹೋಗಿ ಬಂದರು, ಮೊದಲು ತಪ್ಪು ನೋಡಲು ನಡೆಯುತ್ತಿದ್ದ ಹಾಗೆ. ಆಮೇಲೆ ರಿಪೇರಿ ಮಾವ ಅವರನ್ನು ಮನೆಗೆ ಕರೆದುಕೊಂಡು ಹೋದರು. ನೆಲ ಗುಡಿಸಿ ಬೀಗ ಹಾಕಿ ಬರುತ್ತೇವೆ ಅಂದೆವು ನಾವು.

ಅವಳು ಆ ತುದಿಯಿಂದ ಗುಡಿಸುತ್ತಿದ್ದಳು, ನಾನು ಈ ತುದಿಯಿಂದ. ನಡುವೆ ಬಂದು ಇಬ್ಬರ ಕಸವೂ ಒಂದಾಯಿತು.

"ಕೇಳಿದ್ಲು" ಅಂದೆ.

ಏನು ಅಂತ ಅವಳು ಕೇಳಲಿಲ್ಲ. ಪೊರಕೆ ಗೋಡೆಗೆ ಒರಗಿಸಿ ನೆಲದ ಮೇಲೆ ಕೂತಳು.

"ಬುಧವಾರ ಸಂಜೆ ಎದ್ದಾಗಿಂದ ಕೇಳ್ತಾನೇ ಇದ್ಲು. ದೊಡ್ಡೋಳು ಬಂದ್ಲಾ, ದೊಡ್ಡೋಳು ಬಂದ್ಲಾ ಅಂತ."

"ನೀನೇನಂದೆ?"

"ನಿನ್ನ ಮೇಲೆ ಮೈಯೆಲ್ಲ ಉರೀತಿತ್ತು. ಅವಳಿಗೆ ಶನಿವಾರ ಪುರುಸೊತ್ತಂತಮ್ಮ ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ಅಮ್ಮನ ಮುಖ ನೋಡಿ ಬಾಯಿ ಬರ್ಲಿಲ್ಲ. ಬೆಳಗ್ಗೆ ಮೊದಲ್ನೇ ಬಸ್ಸಿಗೆ ಹೊರಡ್ತಾಳೆ ಅಂದೆ. ಗುರುವಾರ ಬೆಳಗ್ಗೆ ಮತ್ತೆ ಕೇಳಿದ್ಲು. ಅರ್ಧ ದಾರಿ ಬಂದಿದ್ದಾಳೆ ಅಂದೆ. ಸೀಟ್ ಸಿಕ್ತಂತಾ ಅಂದ್ಲು. ಕಿಟಕಿ ಪಕ್ಕ ಸಿಕ್ಕಿದೆಯಂತೆ ಅಂದೆ."

ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಆಮೇಲೆ?"

"'ಸದ್ಯ. ಇಲ್ಲಾಂದ್ರೆ ಅವಳಿಗೆ ವಾಂತಿ ಬರುತ್ತೆ' ಅಂದ್ಲು. ಅಂದು ಕಣ್ಣು ಮುಚ್ಕೊಂಡ್ಲು. ಆಮೇಲೆ ಮಾತಾಡ್ಲಿಲ್ಲ."

ಅಕ್ಕ ಮೊದಲು ನಕ್ಕಳು. ನಗು ಹಾಗೇ ಅಳುವಾಯಿತು. ನಾನು ಅವಳ ಪಕ್ಕದಲ್ಲಿ ಕೂತೆ. ಅವಳು ಬಿಕ್ಕಿದಾಗಲೆಲ್ಲ ನನ್ನ ಭುಜವೂ ಅಲುಗುತ್ತಿತ್ತು. ಕೆಳಗೆ ಔಷಧಿ ಅಂಗಡಿಯವನು ಷಟರ್ ಎಳೆದದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು, ಯಾವುದನ್ನೋ ಮತ್ತೊಮ್ಮೆ ಖಚಿತ ಮಾಡಿಕೊಳ್ಳುವವಳ ಹಾಗೆ ಕೇಳಿದಳು.

"ಹಾಗಾದ್ರೆ ಅಮ್ಮನ ಲೆಕ್ಕಕ್ಕೆ ನಾನು ಬರ್ತಾ ಇದ್ದೆ."

"ಬರ್ತಾನೇ ಇದ್ದೆ" ಅಂದೆ.